ಕೊನೆಯ ಓವರಿನ ಬೌಲರ್

"ಮುನವ್ವರ್, ಬಾ!" ಎಂದು ನಾಗಾರ್ಜುನ ಚೆಂಡನ್ನು ಅವನತ್ತ ಎಸೆದರು. ಫೈನಲಿನ ಕೊನೆಯ ಓವರ್. ಎದುರಾಳಿಗಳಿಗೆ ಬೇಕಿದ್ದದ್ದು ಒಂಬತ್ತು ರನ್.

ಅದೇ ಮುನವ್ವರನ ಕೆಲಸ. ಉಡುಪಿಯ ಟೂರ್ನಮೆಂಟೊಂದರಲ್ಲಿ ಅವನ ಯಾರ್ಕರ್ ನೋಡಿಯೇ ಕಂಪನಿಯ ಮ್ಯಾನೇಜರ್ ನಾಗಾರ್ಜುನ ವೀಸಾ ಕೊಡಿಸಿ ಸೌದಿಯ ಖತೀಫಿಗೆ ಕರೆಸಿದ್ದರು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಅವನು ಗೋದಾಮಿನ ಸಹಾಯಕ. ಆದರೆ ಶುಕ್ರವಾರದ ಆಟಕ್ಕೆ ಅವನು ದಣಿಯಬಾರದೆಂದು ಭಾರದ ಪೆಟ್ಟಿಗೆಗಳನ್ನು ಬೇರೆಯವರು ಎತ್ತುತ್ತಿದ್ದರು. "ಹೆದರಿಕೆ ಅಂದರೆ ಎಂತ ಮಾರಾಯ? ಕೊನೆಯ ಓವರ್ ನನಗೆ ಚಾ ಕುಡಿದ ಹಾಗೆ" ಎನ್ನುತ್ತಿದ್ದ.

ಇವತ್ತು ಎದುರಿಗಿದ್ದವನು ಲಾಹೋರಿನ ಎಡಗೈ ಆಟಗಾರ. ಹಿಂದಿನ ವಾರ ಇದೇ ಯಾರ್ಕರುಗಳನ್ನು ರಸ್ತೆಯಾಚೆಗೆ ಹೊಡೆದವನು. ಅವನು ನಗುತ್ತಾ ಬ್ಯಾಟು ಕುಟ್ಟಿದ. ಮುನವ್ವರ್ ಒಮ್ಮೆ ಆ ರಸ್ತೆಯತ್ತ ನೋಡಿದ. ಚೆಂಡು ಕೆಳಗೆ ಬಿಟ್ಟು, ಅಲ್ಲಿಯವರೆಗೆ ನೋಯದಿದ್ದ ಬಲಭುಜ ಹಿಡಿದುಕೊಂಡ.

"ಸಾರ್, ಕೈ ಎತ್ತಲಿಕ್ಕೇ ಆಗುವುದಿಲ್ಲ."

ಯಾರೂ ಮುಂದೆ ಬರಲಿಲ್ಲ. ಕೊನೆಗೆ, ಹನ್ನೊಂದು ಜನ ಆಗಲೆಂದು ಆಟಕ್ಕೆ ಬರುತ್ತಿದ್ದ ಗೋದಾಮಿನ ಮೊಹಮ್ಮದ್ ಇಸ್ಮಾಯಿಲ್ ಚೆಂಡು ಹೆಕ್ಕಿಕೊಂಡರು. "ನಾನು ಹಾಕುತ್ತೇನೆ ಸಾರ್. ಯಾರಾದರೂ ಹಾಕಬೇಕಲ್ಲ."

ಎರಡೇ ಚೆಂಡು. ಎರಡೂ ಸಿಕ್ಸರ್. ಫೈನಲ್ ಮುಗಿಯಿತು.

"ಬೌಲಿಂಗ್ ಬರಲ್ಲ ಅಂದ್ಮೇಲೆ ಚೆಂಡು ಯಾಕ್ರೀ ಮುಟ್ಟಿದ್ರಿ?" ನಾಗಾರ್ಜುನ ಎಲ್ಲರೆದುರು ಕೂಗಿದರು. "ತಬೂಕ್ ಸೈಟಿಗೆ ಜನ ಬೇಕಂತೆ. ನಾಳೆ ನೀವೇ ಹೊರಡಿ!"

ತಬೂಕ್ ದೇಶದ ಇನ್ನೊಂದು ತುದಿ. ಇಸ್ಮಾಯಿಲರ ಸ್ವಂತ ತಮ್ಮ, ಊರಿನವರು, ಎಲ್ಲರೂ ಇಲ್ಲೇ ಇದ್ದರು. ಅವರು ತಲೆ ತಗ್ಗಿಸಿ ನಿಂತರು.

"ಸಾರ್..." ಎಂದ ಮುನವ್ವರ್.

"ನಿಂದೇನೂ ತಪ್ಪಿಲ್ಲ ಬಿಡಪ್ಪ. ಹೋಗಿ ರೆಸ್ಟ್ ತಗೋ."

ಮುನವ್ವರ್ ಭುಜ ಹಿಡಿದುಕೊಂಡೇ ರೂಮಿನ ಕಡೆ ನಡೆದ.

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ರೂಮಿಗೆ ಬಂದ ಇಸ್ಮಾಯಿಲ್ ಬ್ಯಾಗಿಗೆ ಬಟ್ಟೆ ತುಂಬಿದರು. ಅರ್ಧಕ್ಕೆ ನಿಲ್ಲಿಸಿ, ನೋವಿನ ಮುಲಾಮು ಹಿಡಿದು ಮುನವ್ವರನ ಮಂಚದ ಬಳಿ ಬಂದರು.

"ಅಂಗಿ ತೆಗಿ."

"ಬೇಡ ಇಸ್ಮಾಯಿಲಾಕ."

"ಸುಮ್ಮನಿರು ಮಾರಾಯ. ಕೈ ಹೋದರೆ ನಿನ್ನನ್ನು ಇಲ್ಲಿ ಯಾರು ಇಟ್ಟುಕೊಳ್ತಾರೆ?"

ಒರಟು ಬೆರಳುಗಳು ಭುಜದ ಮೇಲೆ ಮೆಲ್ಲಗೆ ಹುಡುಕಿದವು. "ಇಲ್ಲಿಯಾ ನೋವು?"

ಮುನವ್ವರ್ ಗೋಡೆಯ ಕಡೆಗೆ ಮುಖ ತಿರುಗಿಸಿದ.

"ಇನ್ನೂ ಸ್ವಲ್ಪ ಮೇಲೆ" ಎಂದ.