ಪುಸ್ತಕದ ಹುಡುಗಿ ಓಡಲಿಲ್ಲ

ಇಂದು ಕಸ ಗುಡಿಸಿದೆ, ನೀರು ತುಂಬಿದೆ, ಸೀರೆಗೆ ಗಂಜಿ ಹಾಕಿದೆ. ಆ ವಾಸನೆಗೆ ನೇಕಾರರ ಊರು ಬನಹಟ್ಟಿಯಲ್ಲಿ ಕಳೆದ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ಓಣಿಯುದ್ದಕ್ಕೂ ಗಂಜಿ ಹಚ್ಚಿದ ನೂಲನ್ನು ಬಿಸಿಲಿಗೆ ಹಾಸಿದ್ದೆವು. ಹರಿದ ಎಳೆಗಳನ್ನು ಕಟ್ಟುತ್ತ ನಾನು ಆ ತುದಿಯಿಂದ ಈ ತುದಿಗೆ ಓಡುತ್ತಿದ್ದೆ. ಮರುದಿನ ಶಾಲೆಯಲ್ಲಿ ಓಟದ ಸ್ಪರ್ಧೆ; ಅದರಲ್ಲಿ ಓಡುವ ಆಸೆ ನನಗೆ.

ಕಟ್ಟೆಯ ಮೇಲೆ ಕುಳಿತಿದ್ದ ಅಣ್ಣ ಪಾಠದ ಪುಸ್ತಕ ತೋರಿಸಿದ. ಚಿತ್ರದಲ್ಲಿ ಹುಡುಗರು ಓಡುತ್ತಿದ್ದರು, ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು.

"ನೋಡ ಬೇ, ನೀನೂ ಹಿಂಗ ಚಪ್ಪಾಳಿ ಹೊಡಿ."

"ಖರೆ ಐತಿ," ಎಂದಳು ನೂಲಿನ ಮೇಲೆ ಕಣ್ಣಿಟ್ಟಿದ್ದ ಅಜ್ಜಿ. "ಹೆಣ್ಣಿನ ಮೈಗೆ ಓಟ ಛಲೋ ಅಲ್ಲ... ಅಯ್ಯ, ಆ ತುದ್ಯಾಗ ಎಳಿ ಹರೀತು, ಓಡ್ ಓಡ್!"

ಓಡಿದೆ. "ನಾಳಿ ಸಾಲ್ಯಾಗೂ ಓಡ್ತೇನಿ," ಎಂದೆ. ಹರಿದ ಎಳೆ ಕಟ್ಟಿದೆ.

ರಾತ್ರಿ ರೊಟ್ಟಿ, ಕಡಲೆಹಿಟ್ಟಿನ ಜುಣಕ ಉಂಡೆವು. ಮೊದಲು ನಿದ್ದೆಹೋದವನು ಅಣ್ಣ. ಕೌದಿ ಹೊದ್ದು ಮಲಗಿದರೂ ನನ್ನ ಕಾಲುಗಳು ಮಾತ್ರ ಸುಮ್ಮನಿರಲಿಲ್ಲ.