ನೆಲ ಬಿಡದ ವಿಮಾನ

"ಗಾಡಿ ನೆಲ ಬಿಡ್ತು ಅಂತ ಗೊತ್ತಾದ್ರೆ ನಾನು ಎದ್ದು ಇಳಿದುಬಿಡ್ತೀನಿ," ಎಂದು ಅಜ್ಜಿ ಮೊದಲೇ ಹೆದರಿಸಿದ್ದಳು. ಅದಕ್ಕೇ ವಿಮಾನದಲ್ಲಿ ಕೂತೊಡನೆ ಇಳಾ ಅಜ್ಜಿಯ ಕುತ್ತಿಗೆಗೆ ಮೆತ್ತನೆಯ ದಿಂಬು ಸುತ್ತಿದಳು, ಕಣ್ಣಿಗೆ ರೇಷ್ಮೆಯ ಪಟ್ಟಿ ಕಟ್ಟಿದಳು. ತನಗೂ ಇದು ಮೊದಲ ಸಲ. ಅಜ್ಜಿಯ ಕೈ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಇದೇನೇ, ಈ ಸಿಂಬಿ ಒಂದು ಕಡೆ ಹರಿದುಹೋಗಿದೆ?"

"ಕುತ್ತಿಗೆ ದಿಂಬು ಇರೋದೇ ಹಾಗೆ ಅಜ್ಜಿ."

"ಹೊಟ್ಟೆ ಉಯ್ಯಾಲೆ ಆಡಿದ ಹಾಗಾಯ್ತಲ್ಲೇ."

"ರಸ್ತೇಲಿ ಉಬ್ಬು ಇತ್ತು."

"ಕಿವಿ ಗುಂಯ್ ಅಂತಿದೆ."

"ಡ್ರೈವರ್ ಹಾರ್ನ್ ಹೊಡೀತಿದ್ದಾನೆ. ಎಮ್ಮೆಗಳು ಅಡ್ಡ ಬಂದಿವೆ."

ಅಜ್ಜಿ ಕಣ್ಣಿನ ಪಟ್ಟಿಯನ್ನು ಹಣೆಗೆ ಸರಿಸಿದಳು.

"ಉಗುರು ಚುಚ್ತಿದೆ, ಕೈ ಸಡಿಲ ಬಿಡು. ಕಣ್ಣು ತೆರೆದು ಕಿಟಕಿಯಿಂದ ಕೆಳಗೆ ನೋಡು ಮಗಾ, ನಿನ್ನ ಎಮ್ಮೆಗಳು ಎಷ್ಟು ಬೆಳ್ಳಗೆ ತೇಲ್ತಾ ಇವೆ."