ಚರ್ಚಿನವರು ಕೊಟ್ಟ ರವೆ

ಬೆಳಿಗ್ಗೆ ಅರ್ಧ ರವೆಯನ್ನು ಉಪ್ಪಿಟ್ಟಿಗೆ ಹಾಕಿ, ಮಿಕ್ಕಿದ್ದರಲ್ಲಿ ಸುಶೀಲಾ ಹುಳ ಹೆಕ್ಕುತ್ತಿದ್ದಳು. ಅಷ್ಟರಲ್ಲಿ ಆ ರವೆ ಕೊಟ್ಟಿದ್ದ ಚರ್ಚಿನ ಗ್ಲೋರಿಯಮ್ಮನೇ ಬಾಗಿಲಿಗೆ ಬಂದರು. ಕೊಟ್ಟವರ ಮನಸ್ಸು ನೋಯಬಾರದೆಂದು ಅವಳು ಜರಡಿಯನ್ನು ಮಂಚದಡಿ ತಳ್ಳಿ, "ಹುಳದ ಮಾತು ಎತ್ತಬೇಡ ಕಂದಾ," ಎಂದು ಮಗಳಿಗೆ ಪಿಸುಗುಟ್ಟಿದಳು.

"ಘಮ ಬೀದಿವರೆಗೂ ಬರ್ತಿದೆ! ಯೇಸಪ್ಪ ಯಾರನ್ನೂ ಹಸಿದ ಹೊಟ್ಟೇಲಿ ಬಿಡಲ್ಲ ನೋಡು. ನಂಗೂ ಒಂಚೂರು ಹಾಕಮ್ಮ," ಎನ್ನುತ್ತಾ ಗ್ಲೋರಿಯಮ್ಮ ಕುಳಿತರು.

ತುತ್ತು ಬಾಯಿಯ ಹತ್ತಿರ ಹೋಗಿತ್ತು.

"ನೀವು ಕೊಟ್ಟ ರವೆನೇ ಅಕ್ಕಾ," ಎಂದಳು ಸುಶೀಲಾ.

ತುತ್ತು ತಟ್ಟೆಗೆ ಮರಳಿತು. "ಅಯ್ಯೋ, ಮರ್ತೇಬಿಟ್ಟಿದ್ದೆ. ಇವತ್ತು ನಂಗೆ ಉಪವಾಸ." ಅವರು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು: "ಆಂಟಿ, ಅದ್ರಲ್ಲಿ ಹುಳ ಇರೋದು ನಿಮಗೂ ಗೊತ್ತಿತ್ತಾ?"